ತಂತ್ರಾಂಶ ಪ್ರಕಟಣೆ: ಯಂತ್ರಕ್ಕೆ ಕೆಲಸ ಕೊಡೋಣ, ಬೀಗದ ಕೈ ಕೊಡುವುದು ಬೇಡ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ನಾನು ಮಾತನಾಡಬೇಕಾದ ವಿಷಯ ತಾಂತ್ರಿಕವಾದದ್ದು. ತಂತ್ರಾಂಶದ ಪ್ಯಾಕೇಜ್‌ಗಳನ್ನು ಸಾರ್ವಜನಿಕ ರಿಜಿಸ್ಟ್ರಿಗಳಿಗೆ ಯಂತ್ರದ ಮೂಲಕವೇ ಪ್ರಕಟಿಸುವ ವಿಧಾನ. ಹೆಸರು ಕೇಳಿ ಪಾಲಕರು ಗಾಬರಿಯಾಗಬೇಕಿಲ್ಲ. ಭಂಡಾರ, ಬೀಗ, ಬೀಗದ ಕೈ, ನಂಬಿಕೆ, ಈ ನಾಲ್ಕು ಮಾತುಗಳ ಅರ್ಥ ಗೊತ್ತಿದ್ದವರಿಗೆಲ್ಲ ಈ ವಿಷಯ ತಿಳಿಯುತ್ತದೆ.

ಭಂಡಾರ ಎಂದರೇನು?

ವಿದ್ಯಾರ್ಥಿಗಳೇ, ಪೈಥಾನ್ ಕಲಿಯುವಾಗ ನೀವು ‘ಪಿಪ್ ಇನ್‌ಸ್ಟಾಲ್’ ಎಂದು ಬರೆದಿರುತ್ತೀರಿ. ಜಾವಾಸ್ಕ್ರಿಪ್ಟ್ ಕಲಿಯುವವರು ‘ಎನ್‌ಪಿಎಂ ಇನ್‌ಸ್ಟಾಲ್’ ಎಂದು ಬರೆದಿರುತ್ತೀರಿ. ಒಂದು ಸಾಲಿನ ಆಜ್ಞೆ ಕೊಟ್ಟ ಕೂಡಲೇ ಬೇರೆಯವರು ಬರೆದಿಟ್ಟ ತಂತ್ರಾಂಶ ನಿಮ್ಮ ಗಣಕಯಂತ್ರಕ್ಕೆ ಇಳಿದು ಬರುತ್ತದೆ. ಅದು ಬರುವುದು ಒಂದು ಸಾರ್ವಜನಿಕ ಭಂಡಾರದಿಂದ. ಅದಕ್ಕೇ ರಿಜಿಸ್ಟ್ರಿ ಎಂದು ಹೆಸರು. ಪರ್ಲ್ ಭಾಷೆಯ ಸಿಪ್ಯಾನ್ ಎಂಬ ಭಂಡಾರ 1995ರಲ್ಲೇ ಆರಂಭವಾಯಿತು. ಪೈಥಾನ್‌ನ ಪೈಪಿಐ 2003ರಲ್ಲಿ, ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ 2010ರಲ್ಲಿ, ರಸ್ಟ್ ಭಾಷೆಯ ಕ್ರೇಟ್ಸ್ ಡಾಟ್ ಐಓ 2014ರಲ್ಲಿ ಬಂದವು.

ಇವನ್ನು ಒಂದು ದೊಡ್ಡ ಗ್ರಂಥಾಲಯವೆಂದು ಭಾವಿಸಿ. ಇಲ್ಲಿಂದ ಯಾರು ಬೇಕಾದರೂ ಪುಸ್ತಕ ಒಯ್ಯಬಹುದು, ಹಣ ಕೊಡಬೇಕಾಗಿಲ್ಲ. ಹಾಗೆಯೇ ಯಾರು ಬೇಕಾದರೂ ತಾವು ಬರೆದದ್ದನ್ನು ತಂದು ಕಪಾಟಿನಲ್ಲಿಡಬಹುದು. ಇಡುವ ಮೊದಲು ಅದನ್ನು ಓದಿ ನೋಡುವ ಗ್ರಂಥಪಾಲಕ ಇಲ್ಲಿಲ್ಲ. ಹೊಸಬನೊಬ್ಬ ತನ್ನ ಕೆಲಸವನ್ನು ಜಗತ್ತಿನ ಮುಂದಿಡಲು ಯಾರ ಶಿಫಾರಸೂ ಬೇಡ ಎಂಬುದು ಇದರ ದೊಡ್ಡ ಗುಣ. ಕಪಾಟಿನ ಬೀಗದ ಕೈ ಕಳ್ಳನಿಗೆ ಸಿಕ್ಕರೆ ಅವನಿಟ್ಟದ್ದೂ ಅಷ್ಟೇ ಸುಲಭವಾಗಿ ಜಗತ್ತಿಗೆಲ್ಲ ಹೋಗುತ್ತದೆ ಎಂಬುದು ಇದರ ಅಪಾಯ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ನಿಮ್ಮಲ್ಲೊಬ್ಬರು ರೂಪಾಯಿಯ ಮೊತ್ತವನ್ನು ಕನ್ನಡ ಅಕ್ಷರಗಳಲ್ಲಿ ಬರೆಯುವ ಒಂದು ಸಣ್ಣ ಪ್ಯಾಕೇಜ್ ಮಾಡಿದಿರಿ ಎಂದುಕೊಳ್ಳಿ. 1,05,000 ಎಂದು ಕೊಟ್ಟರೆ ‘ಒಂದು ಲಕ್ಷ ಐದು ಸಾವಿರ ರೂಪಾಯಿ’ ಎಂದು ಬರೆಯುತ್ತದೆ. ರಸೀದಿ, ಚೆಕ್ಕು, ಬಾಡಿಗೆ ಕರಾರು, ಎಲ್ಲದಕ್ಕೂ ಉಪಯೋಗವಾಗುವಂಥದ್ದು. ಮುಂದೊಂದು ದಿನ ಯಾವುದೋ ಊರಿನ ಸಹಕಾರ ಸಂಘದ ಲೆಕ್ಕದ ತಂತ್ರಾಂಶದೊಳಗೂ ಅದು ಸೇರಬಹುದು. ಆ ಸಂಘದವರಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ, ಅವರು ಯಾರೆಂದು ನಿಮಗೂ ಗೊತ್ತಿರುವುದಿಲ್ಲ. ನಡುವೆ ಇರುವುದು ನಂಬಿಕೆಯೊಂದೇ.

ಕೈಯಿಂದ ಪ್ರಕಟಿಸುವುದರ ತೊಡಕು

ಪ್ಯಾಕೇಜನ್ನು ಒಮ್ಮೆ ಪ್ರಕಟಿಸಿದರೆ ಕೆಲಸ ಮುಗಿಯುವುದಿಲ್ಲ. ದೋಷ ಕಾಣಿಸಿಕೊಳ್ಳುತ್ತದೆ, ತಿದ್ದುತ್ತೀರಿ, ಹೊಸ ಆವೃತ್ತಿ ಹೊರಡಿಸುತ್ತೀರಿ. ಪ್ರತಿ ಸಲವೂ ಆವೃತ್ತಿಯ ಸಂಖ್ಯೆ ಬದಲಿಸಬೇಕು, ಪರೀಕ್ಷೆಗಳನ್ನು ನಡೆಸಬೇಕು, ಬದಲಾವಣೆಗಳ ಪಟ್ಟಿ ಬರೆಯಬೇಕು, ಕಡತಗಳನ್ನು ಕಟ್ಟಬೇಕು, ಭಂಡಾರಕ್ಕೆ ಏರಿಸಬೇಕು. ಐದಾರು ಹೆಜ್ಜೆ. ರಾತ್ರಿ ಹನ್ನೊಂದು ಗಂಟೆಗೆ, ನಾಳೆ ಪರೀಕ್ಷೆ ಇರುವಾಗ, ಇದರಲ್ಲಿ ಒಂದು ಹೆಜ್ಜೆ ತಪ್ಪುವುದು ಸಹಜ. ಒಂದು ಕಡತ ಬಿಟ್ಟುಹೋಗುತ್ತದೆ. ಸಾರ್ವಜನಿಕ ರೆಪಾಸಿಟರಿಯಲ್ಲಿ ಇಲ್ಲದ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುವ ಅರೆಬರೆ ತಿದ್ದುಪಡಿ ಒಳಗೆ ಸೇರಿಬಿಡುತ್ತದೆ. ಪಾಸ್‌ವರ್ಡ್ ಬರೆದಿಟ್ಟ ಖಾಸಗಿ ಕಡತವೂ ಜತೆಗೆ ಹೋದದ್ದುಂಟು.

ಮುದ್ರಣವಾದ ಪುಸ್ತಕದಲ್ಲಿ ತಪ್ಪಿದ್ದರೆ ಒಪ್ಪೋಲೆ ಅಂಟಿಸಬಹುದು. ಇಲ್ಲಿ ಆ ಸೌಕರ್ಯವಿಲ್ಲ. ಪೈಪಿಐಗೆ ಒಮ್ಮೆ ಏರಿಸಿದ ಕಡತವನ್ನು ಅಳಿಸಿದರೂ ಅದೇ ಹೆಸರಿನಲ್ಲಿ ಮತ್ತೆ ಏರಿಸಲು ಬರುವುದಿಲ್ಲ. ಎನ್‌ಪಿಎಂನಲ್ಲೂ ಒಮ್ಮೆ ಬಳಸಿದ ಆವೃತ್ತಿ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ಇದು ಹಟಮಾರಿತನವಲ್ಲ. 1.4.0 ಎಂದು ನಿನ್ನೆ ಇಳಿಸಿಕೊಂಡವನಿಗೂ ಇಂದು ಇಳಿಸಿಕೊಳ್ಳುವವನಿಗೂ ಒಂದೇ ವಸ್ತು ಸಿಗಬೇಕು ಎಂಬುದೇ ಈ ನಿಯಮದ ಉದ್ದೇಶ.

ಹಿಂತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ಜಗತ್ತು 2016ರ ಮಾರ್ಚ್ 22ರಂದು ನೋಡಿತು. ಒಂದು ಹೆಸರಿನ ವಿವಾದದಿಂದ ಬೇಸತ್ತ ಪ್ರೋಗ್ರಾಮರ್ ಒಬ್ಬರು ಎನ್‌ಪಿಎಂನಿಂದ ತಮ್ಮ ಪ್ಯಾಕೇಜ್‌ಗಳನ್ನೆಲ್ಲ ತೆಗೆದುಹಾಕಿದರು. ಅವುಗಳಲ್ಲಿ ‘ಲೆಫ್ಟ್ ಪ್ಯಾಡ್’ ಎಂಬುದೊಂದು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ತುಣುಕು ಅಷ್ಟೇ. ಆ ಹನ್ನೊಂದು ಸಾಲನ್ನು ನಂಬಿದ್ದ ಅಸಂಖ್ಯಾತ ಯೋಜನೆಗಳ ಕೆಲಸ ಒಮ್ಮೆಲೇ ನಿಂತುಹೋಯಿತು. ಕೊನೆಗೆ ಎನ್‌ಪಿಎಂನವರೇ ಅದನ್ನು ಮರಳಿ ತಂದಿಟ್ಟರು. ಆ ಬಳಿಕ ಹಿಂತೆಗೆಯುವ ನಿಯಮ ಬಿಗಿಯಾಯಿತು. ಈಗ ಪ್ರಕಟಿಸಿ 72 ಗಂಟೆ ಕಳೆದರೆ ಕಠಿಣ ಷರತ್ತುಗಳಿಗೆ ಒಳಪಟ್ಟು ಮಾತ್ರ ತೆಗೆಯಬಹುದು.

ಆದ್ದರಿಂದ ಪ್ರಕಟಿಸುವ ಮೊದಲೇ ಎಲ್ಲವೂ ಸರಿಯಿರಬೇಕು, ಪ್ರತಿ ಸಲವೂ ಒಂದೇ ರೀತಿ ನಡೆಯಬೇಕು. ಒಂದೇ ಕೆಲಸವನ್ನು ನೂರು ಸಲ ಒಂದೇ ರೀತಿ ಮಾಡುವುದರಲ್ಲಿ ಯಂತ್ರವನ್ನು ಮೀರಿಸಿದವರಿಲ್ಲ.

ಯಂತ್ರ ಹೇಗೆ ಪ್ರಕಟಿಸುತ್ತದೆ?

ನಿಮ್ಮ ಮೂಲ ಕೋಡ್ ಗಿಟ್‌ಹಬ್‌ನ ಸಾರ್ವಜನಿಕ ರೆಪಾಸಿಟರಿಯಲ್ಲಿದೆ ಎಂದುಕೊಳ್ಳಿ. ಅದರೊಳಗೆ ಒಂದು ಸಣ್ಣ ಕಡತ ಬರೆದಿಡುತ್ತೀರಿ. ಅದು ಯಂತ್ರಕ್ಕೆ ಕೊಟ್ಟ ಆದೇಶ ಪತ್ರ. ‘1.4.0 ಎಂಬ ಗುರುತಿನ ಚೀಟಿ ಅಂಟಿಸಿದ ಕೂಡಲೇ ಕೆಲಸ ಆರಂಭಿಸು. ಪೈಥಾನ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಪರೀಕ್ಷೆ ನಡೆಸು. 1,05,000 ಕೊಟ್ಟಾಗ ಒಂದು ಲಕ್ಷ ಐವತ್ತು ಸಾವಿರ ಎಂದು ಬಂದರೆ ಅಲ್ಲೇ ನಿಲ್ಲಿಸು. ಎಲ್ಲ ಸರಿಯಿದ್ದರೆ ಪ್ಯಾಕೇಜ್ ಕಟ್ಟು, ಭಂಡಾರಕ್ಕೆ ಏರಿಸು.’ ಇಷ್ಟೇ. ಗಿಟ್‌ಹಬ್‌ನವರ ಗಣಕಯಂತ್ರವೊಂದು ಈ ಕೆಲಸಕ್ಕೆಂದೇ ಹೊಸದಾಗಿ ಎದ್ದು, ಕೆಲಸ ಮುಗಿಸಿ, ಅಳಿದುಹೋಗುತ್ತದೆ. ಸಾರ್ವಜನಿಕ ಯೋಜನೆಗಳಿಗೆ ಈ ಸೇವೆ ಉಚಿತ. ಗಿಟ್‌ಲ್ಯಾಬ್‌ನಲ್ಲೂ ಇಂಥದೇ ವ್ಯವಸ್ಥೆಯಿದೆ.

ಆವೃತ್ತಿಯ ಸಂಖ್ಯೆಗೂ ಒಂದು ಅರ್ಥವಿದೆ. 1.4.0 ಎಂಬಲ್ಲಿ ಕೊನೆಯ ಅಂಕೆ ಏರಿದರೆ ದೋಷ ತಿದ್ದಿದೆ ಎಂದರ್ಥ. ನಡುವಿನ ಅಂಕೆ ಏರಿದರೆ ಹೊಸ ಸೌಲಭ್ಯ ಬಂದಿದೆ, ಹಳೆಯದು ಕೆಟ್ಟಿಲ್ಲ. ಮೊದಲಿನ ಅಂಕೆ ಏರಿದರೆ ಹಳೆಯ ಬಳಕೆದಾರರು ತಮ್ಮ ಪ್ರೋಗ್ರಾಂ ತಿದ್ದಿಕೊಳ್ಳಬೇಕಾದೀತು. ಯಾವ ಅಂಕೆ ಏರಿಸಬೇಕೆಂಬ ವಿವೇಕ ನಿಮ್ಮದೇ ಆಗಿರಲಿ. ಉಳಿದ ದುಡಿಮೆ ಯಂತ್ರದ್ದು.

ಇಲ್ಲಿಯವರೆಗೆ ಎಲ್ಲವೂ ಸುಗಮ. ಆದರೆ ಒಂದು ಪ್ರಶ್ನೆ ಉಳಿಯಿತು. ಭಂಡಾರದ ಬಾಗಿಲು ಯಂತ್ರಕ್ಕೆ ಹೇಗೆ ತೆರೆಯುತ್ತದೆ?

ಬೀಗದ ಕೈ ಎಲ್ಲಿತ್ತು?

ಬಹಳ ವರ್ಷ ನಡೆದ ಪದ್ಧತಿ ಹೀಗಿತ್ತು. ಭಂಡಾರದವರಿಂದ ಟೋಕನ್ ಎಂಬ ಒಂದು ಉದ್ದನೆಯ ಗುಪ್ತ ಸಂಕೇತ ಪಡೆಯುವುದು, ಅದನ್ನು ಯಂತ್ರದ ಕೈಗೆ ಕೊಟ್ಟಿಡುವುದು. ಅದರ ಪ್ರತಿ ಲ್ಯಾಪ್‌ಟಾಪಿನ ಯಾವುದೋ ಕಡತದಲ್ಲೂ ಉಳಿಯುತ್ತಿತ್ತು. ಹಲವು ಟೋಕನ್‌ಗಳಿಗೆ ಅವಧಿಯೇ ಇರಲಿಲ್ಲ. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಹೊಸ್ತಿಲ ಬಳಿ ಕಲ್ಲಿನ ಕೆಳಗಿಟ್ಟು ಹೋದ ಹಾಗೆ. ಕಲ್ಲು ಎತ್ತಿ ನೋಡುವವರು ಬಂದೇ ಬಂದರು.

2018ರ ಜುಲೈ 12ರಂದು ‘ಇಎಸ್‌ಲಿಂಟ್ ಸ್ಕೋಪ್’ ಎಂಬ ಎನ್‌ಪಿಎಂ ಪ್ಯಾಕೇಜಿನ ಕೆಟ್ಟ ಆವೃತ್ತಿಯೊಂದು ಪ್ರಕಟವಾಯಿತು. ಅದರ ಪಾಲಕರಲ್ಲೊಬ್ಬರು ಒಂದೇ ಪಾಸ್‌ವರ್ಡನ್ನು ಬೇರೆ ಕಡೆಯೂ ಬಳಸಿದ್ದರು. ಆ ಆವೃತ್ತಿಯನ್ನು ಇಳಿಸಿಕೊಂಡವರ ಗಣಕಯಂತ್ರದಿಂದ ಅದು ಕದಿಯುತ್ತಿದ್ದುದು ಎನ್‌ಪಿಎಂ ಟೋಕನ್‌ಗಳನ್ನೇ. ಒಂದು ಮನೆ ಹೊಕ್ಕ ಕಳ್ಳ ಅಲ್ಲಿದ್ದ ಚಿನ್ನ ಬಿಟ್ಟು ಬೇರೆ ಮನೆಗಳ ಬೀಗದ ಕೈ ಹುಡುಕಿದಂತೆ. ಎನ್‌ಪಿಎಂನವರು ಆ ಹೊತ್ತಿಗಿಂತ ಮೊದಲಿನ ಟೋಕನ್‌ಗಳನ್ನೆಲ್ಲ ರದ್ದುಪಡಿಸಬೇಕಾಯಿತು.

2022ರ ಮೇ ತಿಂಗಳಲ್ಲಿ ಪೈಪಿಐನ ‘ಸಿಟಿಎಕ್ಸ್’ ಎಂಬ ಹಳೆಯ ಪ್ಯಾಕೇಜ್ ಕಳ್ಳರ ಪಾಲಾಯಿತು. ಅದರ ಕರ್ತೃವಿನ ಇ-ಮೇಲ್ ವಿಳಾಸದ ಡೊಮೈನ್ ಅವಧಿ ಮುಗಿದಿತ್ತು. ಕಳ್ಳ ಆ ಡೊಮೈನ್ ಕೊಂಡ, ಪಾಸ್‌ವರ್ಡ್ ಬದಲಿಸುವ ಪತ್ರ ತನಗೇ ತರಿಸಿಕೊಂಡ, ಒಳಗೆ ಹೋದ.

2025ರ ಸೆಪ್ಟೆಂಬರ್ 8ರಂದು ‘ಚಾಕ್’, ‘ಡೀಬಗ್’ ಮುಂತಾದ 18 ಪ್ಯಾಕೇಜ್‌ಗಳ ಪಾಲಕರೊಬ್ಬರಿಗೆ ಎನ್‌ಪಿಎಂನವರದೇ ಎಂಬಂತೆ ಕಾಣುವ ಒಂದು ನಕಲಿ ಪತ್ರದ ಮೂಲಕ ಮೋಸವಾಯಿತು. ಆ ಪ್ಯಾಕೇಜ್‌ಗಳೆಲ್ಲ ಸೇರಿ ವಾರಕ್ಕೆ 200 ಕೋಟಿಗೂ ಹೆಚ್ಚು ಸಲ ಇಳಿಕೆಯಾಗುವಂಥವು. ಕ್ರಿಪ್ಟೊ ಹಣ ಕದಿಯುವ ಕೋಡ್ ಅವುಗಳೊಳಗೆ ಸೇರಿತು. ಕೆಲವೇ ಗಂಟೆಗಳಲ್ಲಿ ಪತ್ತೆಯಾದದ್ದು ಪುಣ್ಯ.

ಅದಾದ ಒಂದು ವಾರಕ್ಕೆ ಇನ್ನೂ ದೊಡ್ಡದು ಬಂತು. ‘ಶೈ ಹುಲುದ್’ ಎಂಬ ಹೆಸರಿನ ಹುಳು. ಒಂದು ಯಂತ್ರ ಹೊಕ್ಕರೆ ಅಲ್ಲಿರುವ ಗುಪ್ತ ಸಂಕೇತಗಳನ್ನೆಲ್ಲ ಹುಡುಕುವುದು, ಎನ್‌ಪಿಎಂ ಟೋಕನ್ ಸಿಕ್ಕರೆ ಆ ವ್ಯಕ್ತಿಯ ಬೇರೆ ಪ್ಯಾಕೇಜ್‌ಗಳಲ್ಲೂ ತನ್ನನ್ನು ಸೇರಿಸಿ, ಹೊಸ ಆವೃತ್ತಿ ಸಂಖ್ಯೆ ಕೊಟ್ಟು, ತಾನೇ ಪ್ರಕಟಿಸುವುದು. ಮನುಷ್ಯರ ಕೈ ಬೇಕಾಗಲೇ ಇಲ್ಲ. 500ಕ್ಕೂ ಹೆಚ್ಚು ಪ್ಯಾಕೇಜ್‌ಗಳು ಹಾಳಾದವು. ನವೆಂಬರ್‌ನಲ್ಲಿ ಮತ್ತೊಂದು ಅಲೆ ಬಂತು.

ಇಲ್ಲಿ ಒಂದು ಮಾತು ಗಮನಿಸಿ. ನಾವು ಶ್ರಮ ಉಳಿಸಲು ಮಾಡಿಕೊಂಡ ಯಾಂತ್ರೀಕರಣವನ್ನೇ ಆ ಹುಳುವೂ ಬಳಸಿತು. ಟೋಕನ್ ತೋರಿಸಿದವರಿಗೆಲ್ಲ ಬಾಗಿಲು ತೆರೆಯುವ ವ್ಯವಸ್ಥೆಗೆ ಒಡೆಯ ಯಾರು, ಕಳ್ಳ ಯಾರು ಎಂದು ತಿಳಿಯದು.

ಬೀಗದ ಕೈ ಇಲ್ಲದ ವ್ಯವಸ್ಥೆ

ಹಾಗಾದರೆ ಮತ್ತೆ ಕೈಯಿಂದಲೇ ಪ್ರಕಟಿಸೋಣವೇ? ಬೇಕಾಗಿಲ್ಲ. ಇಟ್ಟುಕೊಳ್ಳಲು ಗುಟ್ಟೇ ಇಲ್ಲದಂತೆ ಮಾಡುವ ದಾರಿಯೊಂದು ಈಗ ಇದೆ. ಅದಕ್ಕೆ ಟ್ರಸ್ಟೆಡ್ ಪಬ್ಲಿಷಿಂಗ್ ಎನ್ನುತ್ತಾರೆ. ಪೈಪಿಐ ಇದನ್ನು 2023ರ ಏಪ್ರಿಲ್‌ನಲ್ಲಿ ಆರಂಭಿಸಿತು. ಅದೇ ವರ್ಷದ ಕೊನೆಗೆ ರೂಬಿಜೆಮ್ಸ್, 2025ರ ಜುಲೈಯಲ್ಲಿ ಎನ್‌ಪಿಎಂ ಮತ್ತು ಕ್ರೇಟ್ಸ್ ಡಾಟ್ ಐಓ ಇದೇ ದಾರಿ ಹಿಡಿದವು.

ಇದು ನಡೆಯುವುದು ಹೀಗೆ. ನೀವು ಭಂಡಾರಕ್ಕೆ ಒಮ್ಮೆ ಹೇಳಿಡುತ್ತೀರಿ: ‘ಈ ಹೆಸರಿನ ರೆಪಾಸಿಟರಿಯ, ಈ ಹೆಸರಿನ ಆದೇಶ ಪತ್ರದಿಂದ ಬಂದವನನ್ನು ಮಾತ್ರ ಒಳಗೆ ಬಿಡಿ.’ ಪ್ರಕಟಿಸುವ ಹೊತ್ತಿನಲ್ಲಿ ಯಂತ್ರ ಗಿಟ್‌ಹಬ್‌ನಿಂದ ಸಹಿ ಮಾಡಿದ ಗುರುತಿನ ಪತ್ರ ಪಡೆಯುತ್ತದೆ. ತಾನು ಯಾವ ರೆಪಾಸಿಟರಿಯಿಂದ, ಯಾವ ಕೆಲಸಕ್ಕೆ ಬಂದೆ ಎಂಬುದು ಅದರಲ್ಲಿರುತ್ತದೆ. ಭಂಡಾರ ಆ ಸಹಿಯನ್ನು ಪರಿಶೀಲಿಸಿ, ನೀವು ಮೊದಲೇ ಹೇಳಿಟ್ಟದ್ದಕ್ಕೆ ತಾಳೆ ನೋಡಿ, ಅಲ್ಪಾವಧಿಯ ಪರವಾನಗಿ ಕೊಡುತ್ತದೆ. ಪೈಪಿಐನಲ್ಲಿ ಅದರ ಆಯುಷ್ಯ 15 ನಿಮಿಷ. ಆಮೇಲೆ ಅದು ರದ್ದಿ ಕಾಗದ.

ಪಾಲಕರಿಗೆ ಹೇಳುವುದಾದರೆ, ಕಚೇರಿಯ ಬೀಗದ ಕೈಯ ನಕಲನ್ನು ಜವಾನನ ಕೈಯಲ್ಲಿ ಕಾಯಂ ಆಗಿ ಕೊಡುವುದು ಹಳೆಯ ಪದ್ಧತಿ. ಅವನು ಬಂದ ದಿನ ಮುಖ್ಯೋಪಾಧ್ಯಾಯರ ಸಹಿ, ಮೊಹರು ಇರುವ ಅಂದಿನ ಪತ್ರ ನೋಡಿ ಒಂದು ಸಲ ಒಳಬಿಡುವುದು ಹೊಸ ಪದ್ಧತಿ. ಕದಿಯಲು ಬಂದವನಿಗೆ ಸಿಗುವುದು ಹಳೆಯ ಚೀಟಿ.

ಇದರೊಂದಿಗೆ ಇನ್ನೊಂದು ಲಾಭವಿದೆ. ಯಾವ ರೆಪಾಸಿಟರಿಯ ಯಾವ ಹಂತದ ಕೋಡ್‌ನಿಂದ ಈ ಪ್ಯಾಕೇಜ್ ಕಟ್ಟಲಾಯಿತು ಎಂಬ ಸಹಿಯುಳ್ಳ ದಾಖಲೆಯನ್ನೂ ಯಂತ್ರ ಜತೆಗೆ ಇಡಬಲ್ಲದು. ಎನ್‌ಪಿಎಂ 2023ರಲ್ಲಿ, ಪೈಪಿಐ 2024ರಲ್ಲಿ ಈ ಸೌಲಭ್ಯ ತಂದವು. ಇದರ ಬೆಲೆ ಅರಿಯಲು 2024ರ ಮಾರ್ಚ್‌ನ ‘ಎಕ್ಸ್‌ಝಡ್’ ಪ್ರಕರಣ ನೆನೆಯಬೇಕು. ಕಡತಗಳನ್ನು ಕುಗ್ಗಿಸುವ ಆ ತಂತ್ರಾಂಶದ ಬಿಡುಗಡೆಯ ಕಟ್ಟಿನಲ್ಲಿ, ಸಾರ್ವಜನಿಕ ರೆಪಾಸಿಟರಿಯಲ್ಲಿ ಇಲ್ಲದ ಕೆಲವು ಸಾಲುಗಳಿದ್ದವು. ಹಿಂಬಾಗಿಲು ತೆರೆಯುತ್ತಿದ್ದುದು ಆ ಸಾಲುಗಳೇ. ಎಲ್ಲರೂ ರೆಪಾಸಿಟರಿ ನೋಡುತ್ತಿದ್ದರು, ವಿಷ ಇದ್ದದ್ದು ಕಟ್ಟಿನಲ್ಲಿ. ದೂರದ ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಅನುಮಾನಗೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿ ಹೋಗಿ ಅದನ್ನು ಪತ್ತೆಹಚ್ಚಿದರು.

ಇಷ್ಟಕ್ಕೇ ನಿಶ್ಚಿಂತೆಯೇ?

ಅಲ್ಲ. 2024ರ ಡಿಸೆಂಬರ್‌ನಲ್ಲಿ ಚಿತ್ರಗಳನ್ನು ಗುರುತಿಸುವ ‘ಅಲ್ಟ್ರಾಲಿಟಿಕ್ಸ್’ ಎಂಬ ಜನಪ್ರಿಯ ಪೈಥಾನ್ ಪ್ಯಾಕೇಜಿಗೆ ದಾಳಿಯಾಯಿತು. ಅವರು ಹೊಸ ವ್ಯವಸ್ಥೆಯನ್ನೇ ಬಳಸುತ್ತಿದ್ದರು. ಆದರೆ ಯಂತ್ರಕ್ಕೆ ಕೊಟ್ಟ ಆದೇಶ ಪತ್ರಗಳಲ್ಲೇ ಒಂದು ಬಿರುಕಿತ್ತು. ಹೊರಗಿನವರು ಕಳಿಸಿದ ತಿದ್ದುಪಡಿಯೊಂದರ ಶಾಖೆಯ ಹೆಸರನ್ನು ಯಂತ್ರ ಆಜ್ಞೆಯೆಂದೇ ಓದಿಕೊಂಡಿತು. 8.3.41 ಮತ್ತು 8.3.42 ಎಂಬ ಆವೃತ್ತಿಗಳಲ್ಲಿ ಕ್ರಿಪ್ಟೊ ನಾಣ್ಯ ಗಳಿಸುವ ಕೋಡ್ ಸೇರಿತು. ಅದನ್ನು ಸರಿಪಡಿಸಿದ ಮೇಲೂ 8.3.45, 8.3.46 ಎಂದು ಮತ್ತೆರಡು ಕೆಟ್ಟ ಆವೃತ್ತಿಗಳು ಬಂದವು. ಕಾರಣ ಏನು ಗೊತ್ತೇ? ಹೊಸ ವ್ಯವಸ್ಥೆಗೆ ಬರುವ ಮೊದಲು ಬಳಸುತ್ತಿದ್ದ ಹಳೆಯ ಟೋಕನ್ ಇನ್ನೂ ರದ್ದಾಗಿರಲಿಲ್ಲ. ಹೊಸ ಬೀಗ ಬಂದಿತ್ತು, ಹಳೆಯ ಬೀಗದ ಕೈಯೂ ಬಾಗಿಲು ತೆರೆಯುತ್ತಿತ್ತು.

2025ರ ಮಾರ್ಚ್‌ನಲ್ಲಿ ಇನ್ನೊಂದು ಪಾಠವಾಯಿತು. 23,000ಕ್ಕೂ ಹೆಚ್ಚು ರೆಪಾಸಿಟರಿಗಳು ತಮ್ಮ ಆದೇಶ ಪತ್ರಗಳಲ್ಲಿ ಬಳಸುತ್ತಿದ್ದ ‘ಟಿಜೆ ಆ್ಯಕ್ಷನ್ಸ್’ ಎಂಬವರ ಒಂದು ಸಹಾಯಕ ಸಾಧನವನ್ನು ಕಳ್ಳರು ಕೆಡಿಸಿದರು. ಹಳೆಯ ಆವೃತ್ತಿಗಳ ಹೆಸರನ್ನೇ ತಮ್ಮ ಕೆಟ್ಟ ಕೋಡ್‌ನತ್ತ ತಿರುಗಿಸಿಬಿಟ್ಟರು. ಹೆಸರು ಹಳೆಯದೇ, ಒಳಗಿನ ವಸ್ತು ಬೇರೆ.

ನೀವು ಮಾಡಬೇಕಾದದ್ದೇನು?

ವಿದ್ಯಾರ್ಥಿಗಳೇ, ಈಗ ನಿಮ್ಮ ಕೆಲಸಕ್ಕೆ ಬರೋಣ.

ಮೊದಲನೆಯದಾಗಿ, ಭಂಡಾರದಲ್ಲಿ ಖಾತೆ ತೆರೆಯುವಾಗ ಕಾಲೇಜಿನ ಇ-ಮೇಲ್ ವಿಳಾಸ ಕೊಡಬೇಡಿ. ಪದವಿ ಮುಗಿದ ಮೇಲೆ ಆ ವಿಳಾಸ ನಿಮ್ಮ ಕೈಯಲ್ಲಿ ಉಳಿಯುವ ಭರವಸೆಯಿಲ್ಲ. ಸಿಟಿಎಕ್ಸ್‌ನ ಕಥೆ ನೆನಪಿರಲಿ. ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ. ಪೈಪಿಐ 2024ರ ಆರಂಭದಿಂದ ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿದೆ. ಖಾತೆಯನ್ನು ತುರ್ತಾಗಿ ಸರಿಪಡಿಸಿ ಎಂದು ಹೆದರಿಸುವ ಪತ್ರ ಬಂದರೆ ಅದರಲ್ಲಿನ ಕೊಂಡಿ ಒತ್ತಬೇಡಿ. ನೀವೇ ತಾಣದ ವಿಳಾಸ ಬರೆದು ಒಳಗೆ ಹೋಗಿ ನೋಡಿ.

ಎರಡನೆಯದಾಗಿ, ಕಾಲೇಜಿನ ಲ್ಯಾಬ್ ಯಂತ್ರದಲ್ಲಿ ಟೋಕನ್ ಬರೆದಿಡಬೇಡಿ. ಒಂದೇ ಯಂತ್ರದಲ್ಲಿ ಒಂದೇ ಲಾಗಿನ್‌ನಿಂದ ಹತ್ತು ಜನ ಕೆಲಸ ಮಾಡುವ ಲ್ಯಾಬ್‌ಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅಲ್ಲಿ ಬಿಟ್ಟುಹೋದ ಟೋಕನ್ ಬೀದಿಯಲ್ಲಿ ಬಿಟ್ಟುಹೋದ ಬೀಗದ ಕೈಗೆ ಸಮಾನ.

ಮೂರನೆಯದಾಗಿ, ಮೊದಲ ಪ್ರಕಟಣೆಯಿಂದಲೇ ಟ್ರಸ್ಟೆಡ್ ಪಬ್ಲಿಷಿಂಗ್ ಬಳಸಲು ಪೈಪಿಐ ಅವಕಾಶ ಕೊಡುತ್ತದೆ. ಹಾಗೆ ಮಾಡಿದರೆ ಟೋಕನ್ ಎಂಬುದು ನಿಮ್ಮ ಕೈಗೆ ಬರುವುದೇ ಇಲ್ಲ. ಅಭ್ಯಾಸಕ್ಕೆಂದು ಟೆಸ್ಟ್‌ಪೈಪಿಐ ಎಂಬ ಪ್ರತ್ಯೇಕ ಭಂಡಾರವಿದೆ. ಅಲ್ಲಿ ಕೈ ಪಳಗಿಸಿಕೊಂಡು ಆಮೇಲೆ ನಿಜವಾದ ಭಂಡಾರಕ್ಕೆ ಬನ್ನಿ. ಹಳೆಯ ಟೋಕನ್ ಇದ್ದವರು ಹೊಸ ವ್ಯವಸ್ಥೆ ನಡೆಯುತ್ತಿದೆ ಎಂದು ಖಚಿತವಾದ ದಿನವೇ ಅದನ್ನು ರದ್ದುಪಡಿಸಿ.

ನಾಲ್ಕನೆಯದಾಗಿ, ಪರೀಕ್ಷೆ ನಡೆಸುವ ಕೆಲಸವನ್ನೂ ಪ್ರಕಟಿಸುವ ಕೆಲಸವನ್ನೂ ಬೇರೆ ಬೇರೆ ಇಡಿ. ಹೊರಗಿನವರ ತಿದ್ದುಪಡಿಯನ್ನು ಪರೀಕ್ಷಿಸುವ ಯಂತ್ರಕ್ಕೆ ಪ್ರಕಟಿಸುವ ಅಧಿಕಾರ ಇರಕೂಡದು. ಬೇರೆಯವರ ಸಾಧನ ಬಳಸುವಾಗ ಆವೃತ್ತಿಯ ಹೆಸರು ನಂಬದೆ, ಗಿಟ್ ಕೊಡುವ 40 ಅಕ್ಷರಗಳ ಪೂರ್ಣ ಗುರುತು ಬರೆಯಿರಿ. ಹೆಸರನ್ನು ತಿರುಗಿಸಬಹುದು, ಆ ಗುರುತನ್ನು ತಿರುಗಿಸಲು ಬರುವುದಿಲ್ಲ.

ಕೊನೆಯದಾಗಿ, ಪ್ರಕಟಣೆಯ ಕೊನೆಯ ಹೆಜ್ಜೆಗೆ ಒಬ್ಬ ಮನುಷ್ಯನ ಒಪ್ಪಿಗೆ ಬೇಕೆಂದು ನಿಯಮ ಮಾಡಿ. ಗಿಟ್‌ಹಬ್‌ನಲ್ಲಿ ಸಾರ್ವಜನಿಕ ಯೋಜನೆಗಳಿಗೆ ಈ ಸೌಲಭ್ಯ ಹಣವಿಲ್ಲದೆ ಸಿಗುತ್ತದೆ. ಯಂತ್ರ ಎಲ್ಲವನ್ನೂ ಸಿದ್ಧಮಾಡಿ ಕಾಯುತ್ತದೆ. ನೀವು ಒಮ್ಮೆ ಕಣ್ಣಾಡಿಸಿ, ಹೂಂ ಎಂದರೆ ಮಾತ್ರ ಮುಂದುವರಿಯುತ್ತದೆ. ಇಬ್ಬರು ಗೆಳೆಯರು ಸೇರಿ ಮಾಡಿದ ಯೋಜನೆಯಾದರೆ ಒಬ್ಬರು ಚೀಟಿ ಅಂಟಿಸಲಿ, ಇನ್ನೊಬ್ಬರು ಒಪ್ಪಿಗೆ ಕೊಡಲಿ.

ಇದೆಲ್ಲ ಸಣ್ಣ ಪ್ಯಾಕೇಜಿಗೆ ಅತಿಯಾಯಿತು ಎಂದು ನಿಮಗನ್ನಿಸಬಹುದು. ಲೆಫ್ಟ್ ಪ್ಯಾಡ್ ಕೂಡ ಸಣ್ಣದೇ ಆಗಿತ್ತು. ಯಾವುದು ಎಲ್ಲಿ ಹೋಗಿ ಸೇರುತ್ತದೆ ಎಂಬುದು ಬರೆದವನಿಗೆ ತಿಳಿಯುವುದಿಲ್ಲ. ಈ ಭಂಡಾರಗಳಲ್ಲಿರುವ ಎಷ್ಟೋ ಪ್ಯಾಕೇಜ್‌ಗಳನ್ನು ನಡೆಸುತ್ತಿರುವವರು ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ದುಡಿಯುವ ಒಬ್ಬಿಬ್ಬರು. ಅವರ ದಣಿವೇ ಕಳ್ಳರಿಗೆ ದಾರಿ. ಎಕ್ಸ್‌ಝಡ್‌ನಲ್ಲೂ ಬಹುಕಾಲ ಒಬ್ಬರೇ ಹೊತ್ತಿದ್ದ ಹೊರೆಗೆ ಹೆಗಲು ಕೊಡುವ ನೆಪದಲ್ಲಿ ವಂಚಕ ಒಳಬಂದದ್ದು. ಒಳ್ಳೆಯ ಯಾಂತ್ರೀಕರಣ ಈ ದಣಿವನ್ನು ಇಳಿಸುತ್ತದೆ. ಬೇಸರದ ಕೆಲಸ ಯಂತ್ರಕ್ಕೆ ಹೋದರೆ, ಓದಿ ನೋಡಿ ಒಪ್ಪಿಗೆ ಕೊಡುವ ಕೆಲಸಕ್ಕೆ ಮನುಷ್ಯನಿಗೆ ಬಿಡುವು ಸಿಗುತ್ತದೆ.

ನಿಮ್ಮ ಪ್ಯಾಕೇಜನ್ನು ಎಂದೋ ಒಂದು ದಿನ ಇಳಿಸಿಕೊಳ್ಳುವ ಆ ಸಹಕಾರ ಸಂಘದವರು ನಿಮ್ಮ ಅಂಕಪಟ್ಟಿ ಕೇಳುವುದಿಲ್ಲ, ನಿಮ್ಮ ಊರು ಕೇಳುವುದಿಲ್ಲ. ನೀವು ಬರೆದದ್ದೇ ತಮಗೆ ಬಂದಿದೆ ಎಂದಷ್ಟೇ ನಂಬಿರುತ್ತಾರೆ. ಆ ರಸೀದಿಯ ಮೇಲೆ ಒಂದು ಲಕ್ಷ ಐದು ಸಾವಿರ ಎಂದು ಸರಿಯಾಗಿಯೇ ಬರಬೇಕು. ಅದಕ್ಕಾಗಿ ಇಷ್ಟು ಎಚ್ಚರ.